ಟೋಕನ್ ಇಲ್ಲದ ಗಾಡಿ

ಮನೆಗೆ ಕಳ್ಳ ನುಗ್ಗಿದನೆಂದರೆ ಅದಕ್ಕೆ ಏನಾದರೊಂದು ಗುರುತು ಇದ್ದೇ ಇರುತ್ತದೆ. ಮುರಿದ ಚಿಲಕ, ಬಾಯ್ದೆರೆದ ಪೆಟ್ಟಿಗೆ, ಹಿತ್ತಿಲ ಮಣ್ಣಿನಲ್ಲಿ ಅಪರಿಚಿತ ಹೆಜ್ಜೆ. ಕಂಡೊಡನೆ ಮನೆಯವರು ಕೂಗುತ್ತಾರೆ, ನೆರೆಯವರು ಓಡಿಬರುತ್ತಾರೆ. ಆದರೆ ಚಿಲಕ ಮುರಿಯದೆ, ಮನೆಯ ಒಂದು ಚಮಚವನ್ನೂ ಮುಟ್ಟದೆ, ಯಜಮಾನನು ಎದುರಿಗೇ ಕುಳಿತು ಕಾಫಿ ಕುಡಿಯುತ್ತಿರುವಾಗಲೇ ಅವನ ಹೆಸರನ್ನು ಕದ್ದೊಯ್ಯುವ ಕಳ್ಳನೊಬ್ಬನು ಈ ಕಾಲದಲ್ಲಿ ಹುಟ್ಟಿಕೊಂಡಿದ್ದಾನೆ. ಅವನು ಬಂದುಹೋದುದು ಎಷ್ಟೋ ದಿನ ತಿಳಿಯುವುದೇ ಇಲ್ಲ. ತಿಳಿದ ಮೇಲೆಯೂ ಕೂಗಿಕೊಳ್ಳಲು ಬಾಯಿ ಬರುವುದಿಲ್ಲ. ಕದ್ದವನಿಗೆ ಇಲ್ಲದ ನಾಚಿಕೆ ಕಳೆದುಕೊಂಡವನನ್ನು ಕಾಡುತ್ತದೆ.

ಅರಸೀಕೆರೆಯಲ್ಲಿ, ರೈಲಿನ ಸಿಳ್ಳು ಕಿವಿಗೆ ಬೀಳುವಷ್ಟು ಸಮೀಪದ ಮನೆಯೊಂದರಲ್ಲಿ ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರಿದ್ದಾರೆ. ಬೆಂಗಳೂರು–ಹುಬ್ಬಳ್ಳಿಯ ಹಾದಿಯಿಂದ ಹಾಸನ, ಮೈಸೂರುಗಳ ಹಾದಿ ಕವಲೊಡೆಯುವ ಈ ಜಂಕ್ಷನ್ನಿನಲ್ಲಿಯೂ ಅದರ ಆಚೀಚೆಯ ಸಣ್ಣ ನಿಲ್ದಾಣಗಳಲ್ಲಿಯೂ ಮೂವತ್ತೈದು ವರ್ಷ ದುಡಿದು, ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂದುದನ್ನು ಕಣ್ಣಾರೆ ಕಂಡು, 2013ರಲ್ಲಿ ಅವರು ನಿವೃತ್ತರಾದರು. ಊರಿನವರಿಗೆ ಇಂದಿಗೂ ಅವರು ಮಾಸ್ತರೇ. ಬೆಳಗಿನ ಗಾಡಿಯ ಸದ್ದಿಗೆ ಗಡಿಯಾರವನ್ನು ಸರಿಮಾಡುವುದಲ್ಲ, ಗಡಿಯಾರ ನೋಡಿ ಗಾಡಿಯನ್ನು ಬೈಯುವುದು ಅವರ ಪದ್ಧತಿ. ಸಂಜೆ ಶಿವಾಲಯದವರೆಗೆ ನಡಿಗೆ. ಹದಿಮೂರನೆಯ ಶತಮಾನದ ಆ ಹೊಯ್ಸಳ ಗುಡಿಯ ನಕ್ಷತ್ರಾಕಾರದ ಮಂಟಪದಲ್ಲಿ ಅರ್ಧ ಗಂಟೆ ಕುಳಿತು, ಕೊಬ್ಬರಿಯ ಧಾರಣೆಯನ್ನೂ ದೇಶದ ಸ್ಥಿತಿಯನ್ನೂ ಮಿತ್ರರೊಡನೆ ಚರ್ಚಿಸಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರೆ ಮುಂದಿನದು ಕಂಪ್ಯೂಟರಿನ ಕಾಲ.

ಆ ಕಂಪ್ಯೂಟರು ಮಗನು ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದದ್ದು. ಅದರಲ್ಲಿ ನಡೆಯುತ್ತಿದ್ದುದು ವಿಂಡೋಸ್ 7. ಆ ತಂತ್ರಾಂಶಕ್ಕೆ ರಕ್ಷಣೆಯ ತೇಪೆಗಳನ್ನು ಒದಗಿಸುವುದನ್ನು ಅದರ ತಯಾರಕರು 2020ರ ಜನವರಿ 14ರಂದೇ ನಿಲ್ಲಿಸಿದ್ದರು. ಮಗನು ಎರಡು ಸಲ ಎಚ್ಚರಿಸಿದ. “ಓಡ್ತಾ ಇದೆಯಲ್ಲಪ್ಪ, ಓಡೋ ಗಾಡಿಯನ್ನ ಯಾಕೆ ನಿಲ್ಲಿಸಬೇಕು?” ಎಂದು ಮಾಸ್ತರು ನಕ್ಕುಬಿಟ್ಟರು. ತಮ್ಮ ಜೊತೆ ಕೆಲಸ ಮಾಡಿ ನಿವೃತ್ತರಾದ ಗಾರ್ಡುಗಳು, ಬುಕಿಂಗ್ ಗುಮಾಸ್ತರು, ಪಾಯಿಂಟ್ಸ್‌ಮನ್ನರು ಎಲ್ಲರ ಯೋಗಕ್ಷೇಮದ ಪತ್ರವ್ಯವಹಾರವನ್ನು ಅವರು ತಾವಾಗಿಯೇ ವಹಿಸಿಕೊಂಡಿದ್ದರು. ಪಿಂಚಣಿಯ ಹೊಸ ಆಜ್ಞೆ ಬಂದರೆ ಅದನ್ನು ನುಡಿ ತಂತ್ರಾಂಶದಲ್ಲಿ ಅಚ್ಚಗನ್ನಡದಲ್ಲಿ ಬೆರಳಚ್ಚಿಸಿ ಇನ್ನೂರಕ್ಕೂ ಹೆಚ್ಚು ಮಂದಿಗೆ ಇ-ಮೇಲಿನಲ್ಲಿ ಕಳುಹಿಸುವರು. ಇ-ಮೇಲು ಓದಲಾರದವರಿಗೆ ಅವರ ಮಕ್ಕಳು ಓದಿ ಹೇಳುವರು. ಮಾಸ್ತರರ ಕಾಗದವೆಂದರೆ ಕಣ್ಣು ಮುಚ್ಚಿ ನಂಬಬಹುದಾದ ಕಾಗದ.

2022ರ ನವೆಂಬರ್ ತಿಂಗಳು. ಪಿಂಚಣಿದಾರರಿಗೆ ನವೆಂಬರ್ ಎಂದರೆ ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ಪ್ರಮಾಣಪತ್ರ ಒಪ್ಪಿಸುವ ತಿಂಗಳು. 2014ರಿಂದ ಈ ಜೀವನ ಪ್ರಮಾಣಪತ್ರವನ್ನು ಅಂತರ್ಜಾಲದ ಮೂಲಕವೂ ಕೊಡುವ ಏರ್ಪಾಡಿದೆ. ಆ ದಿನಗಳಲ್ಲಿ ಮಾಸ್ತರರಿಗೊಂದು ಇ-ಮೇಲು ಬಂದಿತು: ಅವರ ಪ್ರಮಾಣಪತ್ರದಲ್ಲಿ ದೋಷವಿದೆ, ಜೊತೆಗಿರುವ ನಮೂನೆಯನ್ನು ತೆರೆದು ತುಂಬದಿದ್ದರೆ ಮುಂದಿನ ತಿಂಗಳ ಪಿಂಚಣಿ ನಿಲ್ಲುವುದು. ಮಾಸ್ತರು ಆ ನಮೂನೆಯನ್ನು ಒತ್ತಿದರು. ಏನನ್ನೋ ಸ್ಥಾಪಿಸಲು ಅನುಮತಿ ಕೊಡುವಿರಾ ಎಂದು ಯಂತ್ರವು ಕೇಳಿತು. ಸರ್ಕಾರದ ಕಾಗದಕ್ಕೆ ಬೇಡವೆನ್ನುವುದುಂಟೆ? ‘ಹೌದು’ ಎಂದು ಒತ್ತಿದರು. ಯಾವ ನಮೂನೆಯೂ ತೆರೆಯಲಿಲ್ಲ. ನಾಳೆ ನೋಡಿದರಾಯಿತೆಂದು ಊಟಕ್ಕೆ ಎದ್ದರು.

ಆ ನಾಳೆಯಿಂದಲೇ ಗುರುತುಗಳು ಕಾಣತೊಡಗಿದ್ದವು. ಕಂಪ್ಯೂಟರಿನೊಳಗಿನ ಫ್ಯಾನು ಯಾರೂ ಕೆಲಸ ಮಾಡದಿರುವಾಗಲೂ ಭತ್ತ ಕುಟ್ಟುವ ಗಿರಣಿಯಂತೆ ಸದ್ದು ಮಾಡಲಾರಂಭಿಸಿತು. ವೈರಸ್ ತಡೆಯುವ ತಂತ್ರಾಂಶದ ಹಸಿರು ಚಿಹ್ನೆ ಕೆಂಪಾಯಿತು. ಅದನ್ನು ಪುನಃ ಚಾಲೂ ಮಾಡಹೋದರೆ ಚಾಲೂ ಆಗಲಿಲ್ಲ. ಹುಡುಕಾಟದ ಪುಟ ತಾನಾಗಿ ಬದಲಾಗಿ ಬೇರೊಂದು ಪುಟ ತೆರೆಯತೊಡಗಿತು. ಒಂದು ಮಧ್ಯಾಹ್ನ, ಮಾಸ್ತರು ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದಾಗ, ಒಳಗೆ ಕಸ ಗುಡಿಸುತ್ತಿದ್ದ ಅವರ ಮಡದಿ ಕೂಗಿ ಹೇಳಿದರು:

“ಏನೂಂದ್ರೆ, ನೀವು ಮುಟ್ಟದೇನೇ ಇದರ ಬಾಣ ಓಡಾಡ್ತಿದೆಯಲ್ಲ!”

“ಮೌಸಿನ ಕೆಳಗೆ ಧೂಳು ಕೂತಿರಬೇಕು. ಒರೆಸು,” ಎಂದರು ಮಾಸ್ತರು.

ಆಕೆ ಒರೆಸಿದರು. ಬಾಣ ನಿಂತಿತು. ಒರೆಸಿದುದರಿಂದ ನಿಂತಿತೆಂದು ಇಬ್ಬರೂ ನಂಬಿದರು.

ಇವುಗಳಲ್ಲಿ ಯಾವೊಂದನ್ನೇ ಹಿಡಿದು ಕಂಪ್ಯೂಟರಿಗೆ ಕನ್ನ ಬಿದ್ದಿದೆಯೆಂದು ತೀರ್ಮಾನಿಸಲಾಗದೆಂಬುದೂ ನಿಜವೇ. ಫ್ಯಾನಿನ ಸದ್ದಿಗೆ ಧೂಳೂ ಕಾರಣವಾಗಬಹುದು. ವೇಗ ಕುಗ್ಗುವುದಕ್ಕೆ ಯಂತ್ರದ ಮುಪ್ಪೂ ಕಾರಣವಾಗಬಹುದು. ಒಂದು ದಿನ ಕೆಮ್ಮಿದವರಿಗೆಲ್ಲ ಕ್ಷಯವಿರುವುದಿಲ್ಲ. ಆದರೆ ಕೆಮ್ಮು, ಜ್ವರ, ತೂಕ ಇಳಿಯುವುದು ಮೂರೂ ಕೂಡಿದರೆ ವೈದ್ಯರ ಬಳಿಗೆ ಹೋಗದವನು ಅವಿವೇಕಿ. ರಕ್ಷಕ ತಂತ್ರಾಂಶ ತಾನಾಗಿ ಆರುವುದು, ಹಾಕಿಕೊಳ್ಳದ ತಂತ್ರಾಂಶ ಕಾಣಿಸಿಕೊಳ್ಳುವುದು, ಬಾಣ ತಾನಾಗಿ ಚಲಿಸುವುದು, ಕ್ಯಾಮೆರಾದ ದೀಪ ಕಾರಣವಿಲ್ಲದೆ ಹತ್ತುವುದು, ನಿನ್ನೆಯವರೆಗೆ ಸರಿಯಿದ್ದ ಪಾಸ್‌ವರ್ಡು ಇಂದು ತಪ್ಪೆನ್ನಿಸಿಕೊಳ್ಳುವುದು, ಬರೆಯದ ಕಾಗದಕ್ಕೆ ಉತ್ತರ ಬರುವುದು: ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡಾಗ ಧೂಳನ್ನು ದೂಷಿಸುವುದು ತಪ್ಪು. ಇದಕ್ಕೆ ವ್ಯತಿರಿಕ್ತವಾಗಿ, “ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೆ ಈ ಸಂಖ್ಯೆಗೆ ದೂರವಾಣಿ ಮಾಡಿ” ಎಂದು ಪರದೆಯ ತುಂಬ ಕೆಂಪಕ್ಷರದಲ್ಲಿ ಅರಚುವ ಎಚ್ಚರಿಕೆಯುಂಟಲ್ಲ, ಅದನ್ನು ಮಾತ್ರ ನಂಬಲೇಬಾರದು. ಕೂಗಿ ಹೇಳುವವನೇ ಅಲ್ಲಿ ಕಳ್ಳ.

ಲೆಕ್ಕದಲ್ಲಿನ ಸಣ್ಣ ವ್ಯತ್ಯಾಸವನ್ನು ಅಲಕ್ಷಿಸಬಾರದೆಂಬುದು ಮಾಸ್ತರರಿಗೆ ತಿಳಿಯದ ವಿಷಯವಲ್ಲ. ಟಿಕೆಟ್ಟಿನ ಹಣದಲ್ಲಿ ನಾಲ್ಕಾಣೆ ಹೊಂದದಿದ್ದರೆ ರಾತ್ರಿ ಹನ್ನೊಂದರವರೆಗೆ ಕುಳಿತು ಹುಡುಕಿದವರು ಅವರು. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಇಂಥದೇ ಒಂದು ಪ್ರಸಂಗ ನಡೆಯಿತು. ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ ಎಪ್ಪತ್ತೈದು ಸೆಂಟುಗಳ ವ್ಯತ್ಯಾಸ ಬಂದಿತು. ಅದನ್ನು ಹುಡುಕುವ ಕೆಲಸ ಖಗೋಳಶಾಸ್ತ್ರಜ್ಞನಾದ ಕ್ಲಿಫರ್ಡ್ ಸ್ಟೋಲ್ ಎಂಬಾತನ ಪಾಲಿಗೆ ಬಂದಿತು. ಪುಡಿಗಾಸೆಂದು ಆತ ಬಿಡಲಿಲ್ಲ. ತಿಂಗಳುಗಟ್ಟಲೆ ಕಾದು ಜಾಡು ಹಿಡಿದು ಹೋದಾಗ, ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದಲ್ಲಿ ಕುಳಿತು ಅಮೆರಿಕದ ಸೈನ್ಯದ ಕಂಪ್ಯೂಟರುಗಳಿಗೆ ಕನ್ನ ಹಾಕುತ್ತ, ಸಿಕ್ಕಿದ ಮಾಹಿತಿಯನ್ನು ಸೋವಿಯತ್ ಗುಪ್ತಚರರಿಗೆ ಮಾರುತ್ತಿದ್ದ ಕೂಟವೊಂದು ಬಯಲಾಯಿತು. ಎಪ್ಪತ್ತೈದು ಸೆಂಟು ಅಷ್ಟು ದೂರ ಕೊಂಡೊಯ್ಯಿತು. ಮಾಸ್ತರರು ನಾಲ್ಕಾಣೆಗೆ ಕೊಟ್ಟ ಗಮನವನ್ನು ಓಡಾಡುವ ಬಾಣಕ್ಕೆ ಕೊಟ್ಟಿದ್ದರೆ ಅವರ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮುಗಿಯಲಿಲ್ಲ. ಒಂದು ಗುರುವಾರ ಸಂಜೆ ಅವರಿಗೆ ದೂರವಾಣಿ ಬಂದಿತು. ಮಾತನಾಡಿದವನು ಅವರ ಕೈಕೆಳಗೆ ಬಹುಕಾಲ ದುಡಿದಿದ್ದ ಒಬ್ಬ ನಿವೃತ್ತ ಪಾಯಿಂಟ್ಸ್‌ಮನ್.

“ಸ್ವಾಮೀ, ಈಗ ಹ್ಯಾಗಿದೀರಿ? ಆಸ್ಪತ್ರೆಯಿಂದ ಮನೆಗೆ ಕಳಿಸಿದ್ರಾ?”

“ಯಾವ ಆಸ್ಪತ್ರೆಯಯ್ಯಾ?”

ಆ ಕಡೆ ಒಂದು ಕ್ಷಣ ಮೌನ. ಬಳಿಕ ಸಂಗತಿ ಹೊರಬಿತ್ತು. ಮಾಸ್ತರರ ವಿಳಾಸದಿಂದಲೇ ಕಾಗದ ಬಂದಿತ್ತು: ಅಕಸ್ಮಾತ್ತಾಗಿ ಆಸ್ಪತ್ರೆಗೆ ಸೇರಿದ್ದೇನೆ, ಮನೆಯವರಿಗೆ ತಿಳಿಸಿಲ್ಲ, ಮಾತನಾಡುವ ಸ್ಥಿತಿಯಲ್ಲಿಲ್ಲ, ಈ ಖಾತೆಗೆ ಹಣ ಕಳುಹಿಸಿದರೆ ವಾರದಲ್ಲಿ ಹಿಂದಿರುಗಿಸುವೆನು. ಕಾಗದ ಇಂಗ್ಲಿಷಿನಲ್ಲಿತ್ತು. “ಮಗಳು ಓದಿ ಹೇಳಿದ್ಲು. ಸ್ವಾಮಿಗಳು ಯಾವಾಗಲೂ ಕನ್ನಡದಲ್ಲೇ ಬರೀತಾರೆ, ನೋವಿನಲ್ಲಿದ್ದಾರೆ, ಯಾರ ಕೈಲೋ ಬರೆಸಿರಬೇಕು ಅಂತ ಅಂದ್ಕೊಂಡ್ವಿ.” ಬುಧವಾರ ಬೆಳಗ್ಗೆ ಅವನು ಒಂಬತ್ತು ಸಾವಿರ ರೂಪಾಯಿ ಕಳುಹಿಸಿದ್ದ. ಅದು ಮಗಳ ಮದುವೆಗೆಂದು ಕೂಡಿಟ್ಟ ಹಣದ ಭಾಗ.

ಮಾಸ್ತರರ ಬಾಯಿ ಒಣಗಿತು. “ನಾಳೆ ಮಾತಾಡೋಣ,” ಎಂದಷ್ಟೇ ಹೇಳಿ ಫೋನು ಕೆಳಗಿಟ್ಟರು. ತಮ್ಮ ಇ-ಮೇಲನ್ನು ತೆರೆಯಹೋದರು. ಪಾಸ್‌ವರ್ಡು ತಪ್ಪೆಂದು ಯಂತ್ರ ಹೇಳಿತು. ಮೂರು ಸಲ ಒತ್ತಿದರು, ಮೂರು ಸಲವೂ ತಪ್ಪು. ಸ್ವಂತ ಮನೆಯ ಬಾಗಿಲಲ್ಲಿ ನಿಂತು, ಒಳಗಿನಿಂದ ಯಾರೋ ‘ಯಾರು ನೀನು’ ಎಂದು ಕೇಳಿದಂತಾಯಿತು.

ಆ ರಾತ್ರಿ ಅವರು ಯಾರೊಡನೆಯೂ ಮಾತನಾಡಲಿಲ್ಲ. ಎಪ್ಪತ್ತರ ಹತ್ತಿರದ ಮುದುಕನು ಬುದ್ಧಿ ಕೆಟ್ಟು ಕಳ್ಳನಿಗೆ ಬಾಗಿಲು ತೆರೆದನೆಂದು ಮಗ ಏನೆಂದಾನು, ಸೊಸೆ ಏನೆಂದಾಳು? ‘ಇನ್ನು ಮುಂದೆ ನೀವು ಇದನ್ನೆಲ್ಲ ಮುಟ್ಟಬೇಡಿ’ ಎಂದುಬಿಟ್ಟರೆ? ಇನ್ನೂರು ಮಂದಿ ಹಳೆಯ ಸಂಗಡಿಗರು ಏನೆಂದುಕೊಂಡಾರು? ಒಂಬತ್ತು ಸಾವಿರವನ್ನು ತಾವೇ ಸದ್ದಿಲ್ಲದೆ ಕೊಟ್ಟುಬಿಡುವುದು, ಕಂಪ್ಯೂಟರನ್ನು ಅಟ್ಟಕ್ಕೆ ಹಾಕುವುದು, ವಿಷಯವನ್ನು ಅಲ್ಲಿಗೇ ಹೂಳುವುದು ಎಂದು ನಡುರಾತ್ರಿಯ ಹೊತ್ತಿಗೆ ನಿಶ್ಚಯಿಸಿದರು. ಬಾಣಾವರದ ಕಡೆಯಿಂದ ಬಂದ ಗೂಡ್ಸ್ ಗಾಡಿಯೊಂದು ಸಿಗ್ನಲ್ ಸಿಗದೆ ಹೊರಗೆ ನಿಂತು ಉದ್ದಕ್ಕೆ ಕೂಗಿತು. ಆ ಕೂಗಿಗೆ ಅವರಿಗೊಂದು ಹಳೆಯ ರಾತ್ರಿಯ ನೆನಪು ಬಂದಿತು.

ಗೇಜು ಬದಲಾವಣೆಯ ದಿನಗಳು, 1990ರ ದಶಕ. ಮಾಸ್ತರು ಒಂದು ಸಣ್ಣ ನಿಲ್ದಾಣದಲ್ಲಿದ್ದರು. ಕಾಮಗಾರಿಗಾಗಿ ಸಿಗ್ನಲು ಪಾಯಿಂಟುಗಳ ಪರಸ್ಪರ ಬಂಧನವನ್ನು ಕಳಚಲಾಗಿತ್ತು. ಪ್ರತಿ ಗಾಡಿಗೂ ಪಾಯಿಂಟನ್ನು ಕೈಯಿಂದ ಹೊಂದಿಸಿ, ಕ್ಲ್ಯಾಂಪು ಬಿಗಿದು, ಬೀಗ ಹಾಕಿ ಬೀಗದ ಕೈಯನ್ನು ಮಾಸ್ತರರಿಗೆ ಒಪ್ಪಿಸಬೇಕು. ಒಂದು ಮಳೆಯ ರಾತ್ರಿ, ಪ್ರಯಾಣಿಕರ ಗಾಡಿ ಹಿಂದಿನ ನಿಲ್ದಾಣ ಬಿಟ್ಟಾಗಿದೆ. ಪಾಯಿಂಟ್ಸ್‌ಮನ್ ಒಬ್ಬನು ತೊಯ್ದು ತೊಪ್ಪೆಯಾಗಿ ಓಡಿಬಂದು ಮೇಜಿನ ಮುಂದೆ ನಿಂತ. “ತಪ್ಪಾಯ್ತು ಸ್ವಾಮಿ. ಬೀಗದ ಕೈ ಕೊಟ್ಟೆ, ಆದರೆ ಕ್ಲ್ಯಾಂಪು ಬಿಗಿದ ನೆನಪು ನನಗಿಲ್ಲ.” ಮರೆತೆನೆಂದು ಹೇಳಿದರೆ ಕೆಲಸಕ್ಕೇ ಸಂಚಕಾರವೆಂಬುದು ಅವನಿಗೆ ಗೊತ್ತಿತ್ತು. ಗಾಡಿಯನ್ನು ಹೊರಗೇ ತಡೆದು ದೀಪ ಹಿಡಿದು ಹೋಗಿ ನೋಡಿದರು. ಕ್ಲ್ಯಾಂಪು ಸಡಿಲವಾಗಿಯೇ ಇತ್ತು. ಗಾಡಿ ಹನ್ನೊಂದು ನಿಮಿಷ ತಡವಾಗಿ ಒಳಬಂದಿತು. ನಿದ್ದೆಯಲ್ಲಿದ್ದ ಪ್ರಯಾಣಿಕರಲ್ಲಿ ಒಬ್ಬರಿಗೂ ಅದರ ಕಾರಣ ತಿಳಿಯಲಿಲ್ಲ. ಅಂದು ತಪ್ಪನ್ನು ಒಪ್ಪಿಕೊಂಡು ಓಡಿಬಂದವನೇ ಇಂದು ಒಂಬತ್ತು ಸಾವಿರ ಕಳೆದುಕೊಂಡವನು.

ಬೆಳಕು ಹರಿಯುವ ಮುನ್ನ ಮಾಸ್ತರು ಮಡದಿಯನ್ನು ಎಬ್ಬಿಸಿ ಎಲ್ಲವನ್ನೂ ಹೇಳಿದರು. ಆಕೆ ಕೇಳಿ, ತಲೆಗೂದಲನ್ನು ಗಂಟು ಹಾಕಿಕೊಳ್ಳುತ್ತ, “ಕದ್ದೋನು ಎಲ್ಲೋ ಹಾಯಾಗಿ ಮಲಗಿದ್ದಾನೆ. ನಿದ್ದೆಗೆಟ್ಟು ತಲೆ ತಗ್ಗಿಸಿ ಕೂತ್ಕೊಳ್ಳೋರು ನೀವಾ? ಚೆನ್ನಾಗಿದೆ ನ್ಯಾಯ!” ಎಂದು, ತಾವೇ ಬೆಂಗಳೂರಿಗೆ ಸೊಸೆಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟರು.

ಸೊಸೆ ನಗಲಿಲ್ಲ, ಗದರಲಿಲ್ಲ. “ಮಾವ, ಮೊದಲು ಇಂಟರ್‌ನೆಟ್ ಪೆಟ್ಟಿಗೆಯ ತಂತಿ ಕಿತ್ತುಬಿಡಿ. ಆಮೇಲೆ ಮಿಕ್ಕಿದ್ದು,” ಎಂದಳು.

ಮಾಸ್ತರರಿಗೆ ಆ ಮಾತು ತಮ್ಮದೇ ಭಾಷೆಯಂತೆ ಕೇಳಿಸಿತು. ಅಪಘಾತವಾದರೆ ರೈಲ್ವೆಯ ಮೊದಲ ನಿಯಮ ಮುರಿದ ಬೋಗಿಯನ್ನು ನೋಡುತ್ತ ನಿಲ್ಲುವುದಲ್ಲ, ಹಳಿಯನ್ನು ಕಾಯುವುದು. ಗಾರ್ಡು 600 ಮೀಟರಿನಲ್ಲಿ ಒಂದು, 1200 ಮೀಟರಿನಲ್ಲಿ ಮೂರು ಪಟಾಕಿ ಸಿಗ್ನಲುಗಳನ್ನು ಹಳಿಯ ಮೇಲಿಟ್ಟು ಬರುತ್ತಾನೆ. ಎದುರಿನಿಂದ ಬರುವ ಗಾಡಿ ನಿಂತ ಬಳಿಕವೇ ಉಳಿದ ಉಪಚಾರ. ಕಂಪ್ಯೂಟರಿಗೂ ಇದೇ ಕ್ರಮ. ಅಂತರ್ಜಾಲದ ಸಂಪರ್ಕ ಕಡಿದರೆ, ದೂರದಲ್ಲಿ ಕುಳಿತು ಅದನ್ನು ಆಡಿಸುತ್ತಿರುವವನ ಕೈ ಕಡಿದಂತೆ. ಮಾಸ್ತರು ಅಂದು ತೆರೆದ ‘ನಮೂನೆ’ಯು ವಾಸ್ತವವಾಗಿ ದೂರದಿಂದ ಯಂತ್ರವನ್ನು ನಡೆಸುವ, ಕೀಲಿಮಣೆಯಲ್ಲಿ ಒತ್ತಿದುದನ್ನೆಲ್ಲ ಬರೆದುಕೊಳ್ಳುವ ಒಂದು ತಂತ್ರಾಂಶವಾಗಿತ್ತು. ಅವರು ಒತ್ತಿದ ಪಾಸ್‌ವರ್ಡು ಅವರ ಇ-ಮೇಲಿಗೆ ಹೋದಂತೆ ಅವನ ಪುಸ್ತಕಕ್ಕೂ ಹೋಗುತ್ತಿತ್ತು.

ಎರಡನೆಯದು ಪಾಸ್‌ವರ್ಡುಗಳ ಬದಲಾವಣೆ. ಅದನ್ನು ಕೆಟ್ಟ ಕಂಪ್ಯೂಟರಿನಲ್ಲಿ ಕುಳಿತು ಮಾಡಿದರೆ ಹೊಸ ಬೀಗದ ಕೈಯನ್ನು ಕಳ್ಳನ ಎದುರಿಗೇ ಮಾಡಿಸಿದಂತೆ. ಮಡದಿಯ ಮೊಬೈಲಿನಲ್ಲಿ ಕೆಲಸ ಆರಂಭವಾಯಿತು. ಮೊದಲು ಇ-ಮೇಲು, ಏಕೆಂದರೆ ಬೇರೆ ಖಾತೆಗಳ ಪಾಸ್‌ವರ್ಡನ್ನು ಹೊಸದಾಗಿಸುವ ಕಾಗದಗಳು ಬರುವುದು ಅದಕ್ಕೇ. ಪುಣ್ಯಕ್ಕೆ ಮಾಸ್ತರರ ದೂರವಾಣಿ ಸಂಖ್ಯೆ ಆ ಖಾತೆಯಲ್ಲಿ ಇನ್ನೂ ಉಳಿದಿದ್ದಿತು. ಅದಕ್ಕೆ ಬಂದ ಅಂಕಿಗಳ ಬಲದಿಂದ ಮನೆ ಮತ್ತೆ ಅವರ ವಶವಾಯಿತು. ಒಳಗೆ ಹೋಗಿ ನೋಡಿದರೆ ಕಳ್ಳನ ಕುಶಲತೆ ಬಯಲಾಯಿತು. ಯಾರಾದರೂ ಉತ್ತರ ಬರೆದರೆ ಅದು ಬೇರೊಂದು ವಿಳಾಸಕ್ಕೆ ಹೋಗಿ, ಇಲ್ಲಿ ಮಾಸ್ತರರ ಕಣ್ಣಿಗೆ ಬೀಳದೆ ಕಸದ ಬುಟ್ಟಿಗೆ ಸೇರುವಂತೆ ಅವನೊಂದು ನಿಯಮ ಮಾಡಿಟ್ಟಿದ್ದ. ‘ಹೇಗಿದ್ದೀರಿ ಮಾಸ್ತರೆ’ ಎಂದು ಕೇಳಿದ ಕಾಗದಗಳು ಕಸದಲ್ಲಿ ಬಿದ್ದಿದ್ದವು. ಪಾಸ್‌ವರ್ಡು ಮಾತ್ರ ಬದಲಿಸಿ ಈ ನಿಯಮವನ್ನು ಅಳಿಸದೆ ಬಿಡುವವರು ಬಹಳ. ಅವನು ಹೊರಗೆ ಹೋದರೂ ಅವನ ಕಿವಿ ಒಳಗೇ ಉಳಿದಿರುತ್ತದೆ. ನಿಯಮವನ್ನು ಅಳಿಸಿ, ಎಲ್ಲ ಯಂತ್ರಗಳಿಂದಲೂ ಒಮ್ಮೆಗೇ ಹೊರಹಾಕುವ ಗುಂಡಿಯನ್ನು ಒತ್ತಲಾಯಿತು.

ಕಳುಹಿಸಿದ ಕಾಗದಗಳ ಪಟ್ಟಿಯನ್ನು ಓದುತ್ತ ಮಾಸ್ತರು ಸ್ತಬ್ಧರಾದರು. ಮೊದಲ ಕಂತಿನ ಕಾಗದಗಳು ಮಂಗಳವಾರ ರಾತ್ರಿ ಹೋಗಿದ್ದವು. ಎರಡನೆಯ ಕಂತು, ನಲವತ್ತು ಮಂದಿಗೆ, ಹೋದದ್ದು ಗುರುವಾರ ರಾತ್ರಿ ಒಂದು ಗಂಟೆಗೆ. ಅವರು ಮಾನಕ್ಕೆ ಅಂಜಿ ಕತ್ತಲಲ್ಲಿ ಮಾಡು ನೋಡುತ್ತ ಮಲಗಿದ್ದ ಹೊತ್ತಿಗೆ. ಆ ನಲವತ್ತು ಕಾಗದಗಳಿಗೆ ಕಳ್ಳನೊಬ್ಬನೇ ಹೊಣೆಯೆಂದು ಮಾಸ್ತರು ಇಂದಿಗೂ ಒಪ್ಪುವುದಿಲ್ಲ.

ಮೂರನೆಯದು ಬ್ಯಾಂಕು. ಅವಸರದಲ್ಲಿ ಮಾಸ್ತರು ಮೊಬೈಲಿನಲ್ಲಿ ಬ್ಯಾಂಕಿನ ಸಹಾಯವಾಣಿಯನ್ನು ಹುಡುಕಹೊರಟಾಗ ಸೊಸೆ ತಡೆದಳು. ಹುಡುಕಿದಾಗ ಮೊದಲು ಕಾಣುವ ಸಂಖ್ಯೆಯೂ ಕಳ್ಳರದೇ ಆಗಿರಬಹುದು. ಕಾರ್ಡಿನ ಹಿಂದೆ ಅಥವಾ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ಸಂಖ್ಯೆಯೇ ಪ್ರಮಾಣ. ಅಂತರ್ಜಾಲದ ವ್ಯವಹಾರವನ್ನು ತಡೆಹಿಡಿಸಲಾಯಿತು. ಖಾತೆಯಲ್ಲಿ ಹಣ ಹೋಗಿರಲಿಲ್ಲ. ಹೋಗಿದ್ದರೂ ಕೂಡಲೇ ತಿಳಿಸುವುದೇ ಪರಿಹಾರದ ಮೂಲ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯು, ಗ್ರಾಹಕನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ನಡೆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನದಲ್ಲವೆಂದು ವಿಧಿಸಿತು. ದಿನ ಕಳೆದಂತೆ ಹೊಣೆ ಅವನ ಕಡೆಗೆ ಜಾರುತ್ತದೆ.

ನಾಲ್ಕನೆಯದು ದೂರು. ಹಣ ಹೋದವನು ಪಾಯಿಂಟ್ಸ್‌ಮನ್ನನಾದ್ದರಿಂದ ಅವನೇ ದೂರು ಕೊಡಬೇಕಾಗಿತ್ತು. ಮಾಸ್ತರು ಅವನಿಗೆ ಫೋನು ಮಾಡಿ, ರಾಷ್ಟ್ರೀಯ ಸೈಬರ್ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಿಸಿದರು. ಅಲ್ಲಿಯವರು ಹಣ ಹೋದ ಖಾತೆ, ಸಮಯ, ವ್ಯವಹಾರದ ಸಂಖ್ಯೆಗಳನ್ನು ಬರೆದುಕೊಂಡು ಆಯಾ ಬ್ಯಾಂಕುಗಳಿಗೆ ಸುದ್ದಿ ಮುಟ್ಟಿಸುತ್ತಾರೆ; ಹಣ ಇನ್ನೂ ಎಲ್ಲಿಯಾದರೂ ನಿಂತಿದ್ದರೆ ಅಲ್ಲಿಯೇ ತಡೆಹಿಡಿಯಲಾಗುತ್ತದೆ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವಂಥದಲ್ಲ. ಕೈಯಿಂದ ಕೈಗೆ ದಾಟಿ ಕೆಲವೇ ಗಂಟೆಗಳಲ್ಲಿ ನಗದಾಗಿಬಿಡುತ್ತದೆ. ಆದುದರಿಂದಲೇ ಇಲ್ಲಿ ಗಂಟೆಗಳಿಗೆ ಬೆಲೆ. ಒಂಬತ್ತು ಸಾವಿರದಲ್ಲಿ ಮೂರು ಸಾವಿರ ಮಾತ್ರ ಸಿಕ್ಕಿಬಿದ್ದಿತು. ಅದು ಕೈಗೆ ಬರಲು ತಿಂಗಳುಗಳು ಹಿಡಿದವು. ಮರುದಿನ ಮಾಸ್ತರು ತಮ್ಮ ಕಡೆಯಿಂದ ಹಾಸನದ ಸೈಬರ್ ಠಾಣೆಗೆ ಹೋಗಿ ಬರಹದ ದೂರು ಕೊಟ್ಟರು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ, 66ಡಿ ಕಲಮುಗಳಲ್ಲಿ ಇಂಥ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆವಾಸವೂ ಒಂದು ಲಕ್ಷದವರೆಗೆ ದಂಡವೂ ಉಂಟು.

ಐದನೆಯದು ಯಂತ್ರದ ಶುದ್ಧಿ. ಶನಿವಾರದ ಗಾಡಿಗೆ ಸೊಸೆ ಬಂದಿಳಿದಳು. ಪರದೆಯ ಮೇಲಿನ ಗುರುತುಗಳನ್ನೆಲ್ಲ ಮೊದಲೇ ಚಿತ್ರ ತೆಗೆದಿಟ್ಟಿದ್ದರು. ಹಳೆಯ ಡಿಸ್ಕನ್ನು ಕಳಚಿ, ತಾರೀಖು ಬರೆದು, ಲಕೋಟೆಯಲ್ಲಿ ಅರಗಿನ ಮುದ್ರೆ ಹಾಕಿ ಮಾಸ್ತರು ಬೀರುವಿನಲ್ಲಿಟ್ಟರು, ವಿಚಾರಣೆಗೆ ಬೇಕಾದೀತು. ಅದಕ್ಕೆ ಮುಂಚೆ ಕಾಗದಪತ್ರ, ಭಾವಚಿತ್ರಗಳನ್ನು ಮಾತ್ರ ಪ್ರತಿ ತೆಗೆದು ಪರೀಕ್ಷಿಸಿಕೊಂಡರು. ತಂತ್ರಾಂಶ ಒಂದನ್ನೂ ತೆಗೆದುಕೊಳ್ಳಲಿಲ್ಲ. ಹೊಸ ಡಿಸ್ಕು, ಹೊಸ ತಂತ್ರಾಂಶ, ಎಲ್ಲವೂ ಬುಡದಿಂದ. ಒಳಹೊಕ್ಕವನು ಎಲ್ಲೆಲ್ಲಿ ಕಿಂಡಿ ಮಾಡಿಟ್ಟಿರುವನೋ ಹುಡುಕುವುದಕ್ಕಿಂತ ಗೋಡೆಯನ್ನೇ ಹೊಸದಾಗಿ ಕಟ್ಟುವುದು ಲೇಸು.

ಹಳೆಯ ಗಾಡಿ ಓಡುತ್ತಿದೆಯೆಂಬ ವಾದವನ್ನು ಮಾಸ್ತರು ಅಂದೇ ಹಿಂತೆಗೆದುಕೊಂಡರು. 2017ರ ಮೇ 12ರಂದು ವಾನಾಕ್ರೈ ಎಂಬ ಪಿಡುಗು ನೂರೈವತ್ತು ದೇಶಗಳ ಎರಡು ಲಕ್ಷಕ್ಕೂ ಮಿಕ್ಕ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿದಾಗ, ತಿರುಮಲೆಯ ದೇವಸ್ಥಾನದ ಕೆಲವು ಕಂಪ್ಯೂಟರುಗಳೂ ಅದಕ್ಕೆ ತುತ್ತಾದವು. ಆ ಬಿರುಕನ್ನು ಮುಚ್ಚುವ ತೇಪೆ ಎರಡು ತಿಂಗಳ ಮೊದಲೇ, ಮಾರ್ಚಿಯಲ್ಲೇ ಹೊರಬಿದ್ದಿತ್ತು. ಹಾಕಿಕೊಂಡವರು ಉಳಿದರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೂ ಉಚಿತ ತೇಪೆಗಳ ಸಾಮಾನ್ಯ ಅವಧಿ ಮುಗಿಯಿತು. ಮಾಸ್ತರು ಆ ದಿನವನ್ನು ಗೋಡೆಯ ಪಂಚಾಂಗದಲ್ಲಿ ಮೊದಲೇ ಗುರುತು ಹಾಕಿಕೊಂಡಿದ್ದರು.

ಕೊನೆಯಲ್ಲಿ ಸೊಸೆಯು ಎರಡು ಹಂತದ ಪರೀಕ್ಷೆಯ ಏರ್ಪಾಡನ್ನು ಮಾಡಿದಳು: ಪಾಸ್‌ವರ್ಡು ಸರಿಯಿದ್ದರೂ ಸಾಲದು, ಕೈಯಲ್ಲಿರುವ ಮೊಬೈಲಿನಲ್ಲಿ ಆಗಷ್ಟೆ ಹುಟ್ಟುವ ಅಂಕಿಗಳನ್ನೂ ಕೊಟ್ಟರೆ ಮಾತ್ರ ಬಾಗಿಲು ತೆರೆಯುವುದು. ಆ ಅಂಕಿಗಳನ್ನು ಯಾರು ಕೇಳಿದರೂ, ಬ್ಯಾಂಕಿನವರೆಂದು ಹೇಳಿಕೊಂಡವರು ಕೇಳಿದರೂ, ಹೇಳಕೂಡದು. ವಿವರಿಸಹೊರಟ ಸೊಸೆಯನ್ನು ಮಾಸ್ತರು ಅರ್ಧದಲ್ಲೇ ತಡೆದರು.

“ಗೊತ್ತಾಯ್ತಮ್ಮ. ಇದು ನಮ್ಮ ಟೋಕನ್ನು.”

ಒಂಟಿ ಹಳಿಯ ಹಾದಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಅದಕ್ಕಾಗಿ ಎರಡು ನಿಲ್ದಾಣಗಳಲ್ಲಿಯೂ ತಂತಿಯಿಂದ ಬೆಸೆದ ಎರಡು ಯಂತ್ರಗಳು. ಅವುಗಳೊಳಗೆ ಉಕ್ಕಿನ ಗುಂಡುಗಳು. ಮುಂದಿನ ನಿಲ್ದಾಣದವನು ಒಪ್ಪಿಗೆ ಕೊಟ್ಟರೆ ಮಾತ್ರ ಇಲ್ಲಿ ಒಂದು ಗುಂಡು ಹೊರಬೀಳುತ್ತದೆ. ಅದು ಹೊರಗಿರುವವರೆಗೆ ಎರಡೂ ಕಡೆ ಇನ್ನೊಂದು ಹೊರಬರುವುದಿಲ್ಲ. ಅದನ್ನು ಚೀಲದಲ್ಲಿಟ್ಟು ದೊಡ್ಡ ಬಳೆಗೆ ಕಟ್ಟಿ ಚಾಲಕನಿಗೆ ಕೊಡುವರು. ಚಾಲಕನು ಎಷ್ಟೇ ಪರಿಚಿತನಾಗಿರಲಿ, ಗಾಡಿಯಲ್ಲಿ ಎಂಥ ದೊಡ್ಡವರೇ ಕುಳಿತಿರಲಿ, ಗುಂಡು ಕೈಗೆ ಬಾರದೆ ಗಾಡಿ ಹೊರಡಕೂಡದು. ಮುಖ ನೋಡಿ ಬಿಡುವುದಲ್ಲ, ಟೋಕನ್ ನೋಡಿ ಬಿಡುವುದು. ಮೂವತ್ತೈದು ವರ್ಷ ಈ ನಿಯಮವನ್ನು ಒಂದು ದಿನವೂ ಮೀರದವರು, ಸರ್ಕಾರದ ವೇಷ ತೊಟ್ಟು ಬಂದ ಒಂದು ಗಾಡಿಯನ್ನು ಟೋಕನ್ ಕೇಳದೆ ಮನೆಯೊಳಕ್ಕೆ ಬಿಟ್ಟುಕೊಂಡಿದ್ದರು.

ಇಷ್ಟೆಲ್ಲದರ ನಡುವೆ ಅತ್ಯಂತ ಕಠಿನವಾದುದು ಶುಕ್ರವಾರ ಬೆಳಗ್ಗೆಯೇ ಮುಗಿದಿತ್ತು. ಇ-ಮೇಲು ವಶವಾದ ಗಳಿಗೆಯಲ್ಲಿ ಮಾಸ್ತರು ಎಲ್ಲರಿಗೂ ಒಂದು ಕಾಗದ ಬರೆದರು. ಯಾರೋ ಖಾತೆಯನ್ನು ದುರುಪಯೋಗಪಡಿಸಿಕೊಂಡಿದ್ದಾರೆಂದು ಬರೆದರೆ ಸಾಕೆಂದಿದ್ದಳು ಸೊಸೆ. ಮಾಸ್ತರರಿಗೆ ಅದು ಒಪ್ಪಿಗೆಯಾಗಲಿಲ್ಲ. ತಾವು ಯಾವ ಕಾಗದಕ್ಕೆ ಮೋಸಹೋದರು, ಯಾವ ಗುಂಡಿ ಒತ್ತಿದರು, ಯಾವ ಯಾವ ಗುರುತುಗಳನ್ನು ಕಂಡೂ ಕಾಣದಂತಿದ್ದರು, ಒಂದು ರಾತ್ರಿ ಸುಮ್ಮನಿದ್ದುದರಿಂದ ನಲವತ್ತು ಕಾಗದಗಳು ಹೇಗೆ ಹೋದವು ಎಂಬುದನ್ನು ಅಪಘಾತದ ವರದಿಯಂತೆ ಗಂಟೆ ನಿಮಿಷ ಸಹಿತ ಬರೆದು, ತಮ್ಮ ಹೆಸರಿನಲ್ಲಿ ಹಣ ಕೇಳುವ ಯಾವ ಕಾಗದವನ್ನೂ ನಂಬಬಾರದೆಂದು ಮುಗಿಸಿದರು. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯಲು ಒಂದು ಗಂಟೆ ಹಿಡಿಯಿತು. ಗುರುವಾರ ರಾತ್ರಿಯ ಕಾಗದ ನಂಬಿ ಹಣ ಕಳುಹಿಸಲು ಬ್ಯಾಂಕಿಗೆ ಹೊರಟು ನಿಂತಿದ್ದ ಒಬ್ಬ ಗಾರ್ಡು ಅದನ್ನು ಓದಿ ಚಪ್ಪಲಿ ಬಿಚ್ಚಿದರು.

ಯಾರೂ ನಗಲಿಲ್ಲ. ಉತ್ತರಗಳು ಬಂದವು. ಅವುಗಳಲ್ಲಿ ಮೂರು ಕಾಗದಗಳನ್ನು ಮಾಸ್ತರು ಪ್ರತ್ಯೇಕವಾಗಿ ತೆಗೆದಿಟ್ಟಿದ್ದಾರೆ. ತಮಗೂ ಹೀಗೆಯೇ ಆಗಿತ್ತು, ಹಣವೂ ಹೋಗಿತ್ತು, ಮಕ್ಕಳಿಗೆ ಹೇಳಲು ನಾಚಿ ಇದುವರೆಗೆ ಬಾಯಿ ಬಿಟ್ಟಿರಲಿಲ್ಲ ಎಂದು ಮೂವರು ಹಿರಿಯರು ಬರೆದಿದ್ದರು. ಕಳ್ಳನಿಗೆ ಬೇಕಾದ ಕತ್ತಲೆಯನ್ನು ಒದಗಿಸುವುದು ಮುರಿದ ಬೀಗಕ್ಕಿಂತ ಹೆಚ್ಚಾಗಿ ಈ ಮೌನವೇ ಎಂಬುದು ಅವರಿಗೆ ಆಗ ಪೂರ್ಣವಾಗಿ ಮನದಟ್ಟಾಯಿತು.

ಉಳಿದ ಆರು ಸಾವಿರವನ್ನು ಕೊಡಲು ಮಾಸ್ತರು ಪಾಯಿಂಟ್ಸ್‌ಮನ್ನನ ಮನೆಗೇ ಹೋದರು. ಅವನು ಕೈ ಹಿಂದೆ ಕಟ್ಟಿಕೊಂಡ.

“ಬೇಡಿ ಸ್ವಾಮಿ. ನಾನು ಕಳಿಸಿದ್ದು ನಿಮಗೇ ಅಂತ. ನೀವು ಚೆನ್ನಾಗಿದೀರಲ್ಲ, ಅಷ್ಟೇ ಸಾಕು. ಫೋನು ಮಾಡಿ ಕೇಳಬೇಕಾಗಿತ್ತು, ಕೇಳಲಿಲ್ಲ; ತಪ್ಪು ನನ್ನದೂ ಇದೆ.”

“ಆ ಮಳೆ ರಾತ್ರಿ ನೀನು ಓಡಿಬಂದು ತಪ್ಪು ಅಂದೆ. ಆವತ್ತು ಉಳಿದದ್ದಕ್ಕೆ ನಾನು ಏನೂ ಕೊಟ್ಟಿರಲಿಲ್ಲ,” ಎಂದರು ಮಾಸ್ತರು. “ಮಗಳ ಮದುವೆಗೆ ಅಂತಲಾದರೂ ತಗೋ.”

ಮದುವೆಗೆಂದ ಮೇಲೆ ಅವನು ಬೇಡವೆನ್ನಲಾಗಲಿಲ್ಲ. ಎದ್ದು ಹೊರಡುವಾಗ ಅವನ ಮಗಳು ಬಾಗಿಲಿಗೆ ಬಂದು, ಮುಂದೆ ಮಾಸ್ತರರ ಕಾಗದ ಬಂದರೆ ಅದು ಅವರದೇ ಎಂದು ತಿಳಿಯುವುದು ಹೇಗೆಂದು ಕೇಳಿದಳು.

“ಹಣದ ಮಾತಿದ್ದರೆ ನನಗೆ ಫೋನು ಮಾಡಮ್ಮ. ನಿಮ್ಮಪ್ಪ ಆ ರಾತ್ರಿ ಏನು ಬಿಗಿಯೋದು ಮರೆತಿದ್ದ ಅಂತ ಕೇಳು. ಸರಿಯಾಗಿ ಹೇಳಿದರೆ ನಾನು. ಇಲ್ಲದಿದ್ದರೆ ಗಾಡಿಯನ್ನ ಹೊ‍ರಗೇ ನಿಲ್ಲಿಸು.”

ಪಾಯಿಂಟ್ಸ್‌ಮನ್ನನು ಬಹಳ ಹೊತ್ತು ನಕ್ಕನು.